ಮೊದಲ ಲಿನಕ್ಸ್ ನಿಧಾನದ್ದಿರಲಿ

ಯಲಹಂಕದ ಸುತ್ತಮುತ್ತ ಎಂಜಿನಿಯರಿಂಗ್ ಸೇರಿದ ಹುಡುಗರು ವರ್ಷವರ್ಷವೂ ಕೇಳುತ್ತಾರೆ: ‘ಯಾವ ಲಿನಕ್ಸ್ ಹಾಕ್ಕೊಳ್ಲಿ ಸಾರ್?’ ಈಗೀಗ ಅವರ ಅಪ್ಪಂದಿರೂ ಕೇಳುತ್ತಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಹೆಚ್ಚಿನ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಇನ್ನಷ್ಟು ವರ್ಷ ದುಡಿಯುವ ಯಂತ್ರಗಳವು.

ಹಿಂದೆ ಆಯ್ಕೆಯ ತಲೆನೋವಿರಲಿಲ್ಲ. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಏನಿತ್ತೋ ಅದೇ ಲಿನಕ್ಸ್. ಈಗ ಹತ್ತಾರು ಹೆಸರು, ಹೆಸರಿಗೊಬ್ಬ ಭಕ್ತ.

ನನ್ನ ಮತ ಲಿನಕ್ಸ್ ಮಿಂಟ್‌ಗೆ. ಅದರ ಅಂದಕ್ಕಲ್ಲ, ನಿಧಾನಕ್ಕೆ. 2024ರ ಜುಲೈಯಲ್ಲಿ ಬಂದ ಮಿಂಟ್ 22, ಉಬುಂಟು 24.04ರ ಮೇಲೆ ಕಟ್ಟಿದ್ದು. 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಫೆಡೋರಾದಲ್ಲಿ ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಒಂದೊಂದರ ಆಯಸ್ಸು ಹದಿಮೂರು ತಿಂಗಳ ಆಸುಪಾಸು. ಆರ್ಚ್‌ನಲ್ಲಂತೂ ಆವೃತ್ತಿಯೆಂಬುದೇ ಇಲ್ಲ, ಹೊಸತು ಬರುತ್ತಲೇ ಇರುತ್ತದೆ. ಪಳಗಿದವರಿಗೆ ಅದು ಸುಖ. ಹೊಸಬರಿಗೆ ಮಾತ್ರ, ಏನಾದರೂ ಕೆಟ್ಟರೆ ತಪ್ಪು ತಮ್ಮದೋ ಅಪ್‌ಡೇಟಿನದೋ ತಿಳಿಯುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ಇದ್ದರೆ ಮನೆಯಲ್ಲೂ ಅದನ್ನೇ ಹಾಕಿ. ಮಿಂಟ್, ಉಬುಂಟು ಎರಡರಲ್ಲೂ ತಂತ್ರಾಂಶ ಹಾಕುವ ಎಪಿಟಿ ಕಮಾಂಡ್ ಒಂದೇ, ಪಕ್ಕದ ಬೆಂಚಿನವನ ಸಹಾಯವೂ ಸಿಗುತ್ತದೆ.

ಬರ್ಕ್‌ಲಿ ಯೂನಿಕ್ಸ್‌ನ ನೇರ ವಂಶದ, ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಮೇಲೆ ನನಗೆ ಮೋಹವಿದೆ. ಕರ್ನಲ್ಲು, ಮೂಲ ಸಲಕರಣೆಗಳು, ಕೈಪಿಡಿ ಎಲ್ಲವನ್ನೂ ಒಂದೇ ಬಳಗ ನೋಡಿಕೊಳ್ಳುವುದರಿಂದ ಬಂದ ಅಚ್ಚುಕಟ್ಟು ಅದರದು. ಆದರೂ ಅದು ಎರಡನೆಯ ಯಂತ್ರಕ್ಕೆ. ವೈಫೈ ಚಿಪ್ ಕೈಕೊಟ್ಟರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಯಾವುದನ್ನೇ ಆರಿಸಿ, ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ವೈಫೈ ಹಿಡಿಯುತ್ತದೆಯೇ? ಸದ್ದು ಬರುತ್ತದೆಯೇ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ? ಹಾಕುವುದೆಂದು ತೀರ್ಮಾನಿಸಿದ ಮೇಲೆ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ವಿಂಡೋಸಿನ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಸಿ ರೂಢಿಯಿದ್ದವರು ಲಿನಕ್ಸಿನ ಟೈಪಿಂಗ್ ಸಲಕರಣೆ ಐಬಸ್‌ಗೆ ಎಂ17ಎನ್ ಸೇರಿಸಿ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ, ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ.

ಇನ್ನು ಅಪ್ಪಂದಿರ ಮಾತು. ಯಶವಂತಪುರ ಎಪಿಎಂಸಿಯ ಮಂಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಕಂಪ್ಯೂಟರ್ ಮುಟ್ಟಬೇಡಿ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಲಿನಕ್ಸ್ ಪ್ರಯೋಗವೇನಿದ್ದರೂ ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯಲಿ.