ದಿನಚರಿಯಲ್ಲಿ ದಶಕ: ‘ಟೋಕಿಯೊ ಸ್ಟೋರಿ’ಯ ಒಂದು ಓದು

ಜಪಾನಿನ ಯುದ್ಧೋತ್ತರ ದಶಕವನ್ನು ಚರಿತ್ರೆಯು 1945ರ ಶರಣಾಗತಿ, 1952ರಲ್ಲಿ ಮುಗಿದ ಮಿತ್ರರಾಷ್ಟ್ರಗಳ ಸೇನಾಡಳಿತ ಮುಂತಾದ ಘಟನೆಗಳಿಂದ ಗುರುತಿಸುತ್ತದೆ. ಯಸುಜಿರೊ ಒಜು ಅವರ ‘ಟೋಕಿಯೊ ಸ್ಟೋರಿ’ (1953) ಇವುಗಳಲ್ಲಿ ಯಾವುದನ್ನೂ ತೆರೆಗೆ ತರುವುದಿಲ್ಲ. ಒನೊಮಿಚಿಯಿಂದ ಬಂದ ವೃದ್ಧ ತಂದೆತಾಯಿಗಳಿಗಾಗಿ ವೈದ್ಯನಾದ ಮಗನಿಗಾಗಲಿ, ಕೇಶಾಲಂಕಾರದ ಅಂಗಡಿ ನಡೆಸುವ ಮಗಳಿಗಾಗಲಿ ಬಿಡುವಿಲ್ಲ. ಅವರನ್ನು ಆದರಿಸುವವಳು ಯುದ್ಧದಿಂದ ಮರಳದ ಇನ್ನೊಬ್ಬ ಮಗನ ಹೆಂಡತಿ ನೊರಿಕೊ.

ಇದನ್ನು ಕೌಟುಂಬಿಕ ವಿಘಟನೆಯ ಕಥೆಯೆಂದಷ್ಟೇ ಓದುವುದು ಅಪೂರ್ಣವಾದೀತು. ಚೇತರಿಕೆಯ ವೇಗಕ್ಕೆ ಒಗ್ಗಿದವರು ಕೊಡಲಾರದ ಸಮಯವನ್ನು ನಷ್ಟದೊಡನೆ ಬದುಕುವವಳು ಕೊಡುತ್ತಾಳೆ. ಆದರೂ ಒಜು ಅವಳನ್ನು ಆದರ್ಶದ ಪ್ರತಿಮೆಯಾಗಿಸುವುದಿಲ್ಲ. ಗಂಡನನ್ನು ನೆನೆಯದ ದಿನಗಳೂ ಇವೆಯೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಮರುಮದುವೆಯಾಗೆಂದು ಹೇಳಿ, ತೀರಿಹೋದ ಅತ್ತೆಯ ಗಡಿಯಾರವನ್ನು ಮಾವ ಅವಳ ಕೈಗೀಯುವಲ್ಲಿ, ಮರೆವೂ ಬದುಕಿನ ಹಕ್ಕೆಂಬ ಅರಿವಿದೆ. ಚೇತರಿಕೆಯ ಬೆಲೆಯನ್ನೂ ಅನಿವಾರ್ಯತೆಯನ್ನೂ ಚಿತ್ರವು ಹೀಗೆ ದಿನಚರಿಯಲ್ಲೇ ದಾಖಲಿಸುತ್ತದೆ.