ಬಾಗಿಲು ಮುಚ್ಚಿದವರು ಕಾರಣ ಹೇಳಲಿ

ನಮ್ಮಲ್ಲಿ ಸರಕಾರವೊಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಅಧಿಸೂಚನೆ ಹೊರಡಿಸಬೇಕು. ಯಾವ ಆಧಾರದ ಮೇಲೆ ಈ ಕ್ರಮ ಎಂಬುದನ್ನು ಅದರಲ್ಲಿ ಬರೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮು ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮೂ ಹೀಗೆಯೇ ಹೇಳುತ್ತದೆ. ಆ ಪುಸ್ತಕದಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ, ಎರಡು ತಿಂಗಳೊಳಗೆ ಹೈಕೋರ್ಟಿನ ಮೊರೆ ಹೋಗಬಹುದು. ನಿಷೇಧವನ್ನು ನಾವು ಒಪ್ಪಬಹುದು, ಒಪ್ಪದಿರಬಹುದು. ಆದರೆ ನಿಷೇಧವಾದದ್ದು ಏಕೆ ಎಂಬುದು ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ವಾದಿಸಲು ಸಾಧ್ಯವಾಗುತ್ತದೆ.

ಸಾಮಾಜಿಕ ಜಾಲತಾಣಗಳ ವಿಷಯ ಹೀಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನಡಿ ಕೇಂದ್ರ ಸರಕಾರ ಒಂದು ಖಾತೆಯನ್ನೋ ಬರಹವನ್ನೋ ತಡೆಯಬಹುದು. 2009ರಲ್ಲಿ ಬಂದ ಇದರ ನಿಯಮಾವಳಿಯ 16ನೇ ನಿಯಮ, ದೂರು ಮತ್ತು ಅದರ ಮೇಲಿನ ಕ್ರಮವನ್ನು ಗುಟ್ಟಾಗಿಡಬೇಕೆಂದು ವಿಧಿಸುತ್ತದೆ. ಮೈಸೂರಿನ ಓದುಗನೊಬ್ಬ ತಾನು ದಿನವೂ ಓದುತ್ತಿದ್ದ ಖಾತೆಯನ್ನು ಒಂದು ಬೆಳಿಗ್ಗೆ ತೆರೆದರೆ, ಕಾನೂನಿನ ಕೋರಿಕೆಯ ಮೇರೆಗೆ ಇದನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಮಾತ್ರ ಕಾಣುತ್ತದೆ. ಯಾರ ಕೋರಿಕೆ, ಯಾವ ಮಾತಿಗಾಗಿ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ.

ಇಂಥಲ್ಲಿ ಕೆಲವರು ಹಿತ್ತಿಲ ಬಾಗಿಲು ಹುಡುಕುತ್ತಾರೆ. ಅಂಥ ದಾರಿಗಳಲ್ಲಿ ಪ್ರಸಿದ್ಧವಾದುದು ಟಾರ್. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಈ ವಿಧಾನವನ್ನು 2006ರಿಂದ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ. ಇದರಲ್ಲಿ ನಮ್ಮ ಕೋರಿಕೆ ಸಾಮಾನ್ಯವಾಗಿ ಮೂರು ಕಂಪ್ಯೂಟರುಗಳನ್ನು ಹಾದು ತಾಣವನ್ನು ತಲಪುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಅದಕ್ಕೆ ಪದರ ಪದರವಾಗಿ ಗೂಢಲಿಪಿಯ ಹೊದಿಕೆ ಇರುತ್ತದೆ; ಒಂದೊಂದು ಕಂಪ್ಯೂಟರು ಒಂದೊಂದು ಪದರವನ್ನು ಬಿಚ್ಚುತ್ತದೆ. ಮೊದಲನೆಯದಕ್ಕೆ ನಾವು ಎಲ್ಲಿಂದ ಬಂದೆವೆಂದು ಗೊತ್ತು, ಎಲ್ಲಿಗೆ ಹೊರಟೆವೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಎಲ್ಲಿಂದ ಎಂದು ಗೊತ್ತಿಲ್ಲ. ಕೊನೆಯ ಕಂಪ್ಯೂಟರು ಜರ್ಮನಿಯಲ್ಲಿದ್ದರೆ ತಾಣದ ಕಣ್ಣಿಗೆ ನಾವು ಜರ್ಮನಿಯಿಂದ ಬಂದವರು. ಭಾರತಕ್ಕೆಂದು ಹಾಕಿದ ಪರದೆ ಆಗ ಸರಿಯುತ್ತದೆ.

ಇದನ್ನು ಕಳ್ಳದಾರಿ ಎಂದು ಜರಿಯುವವರಿದ್ದಾರೆ. ಇಂಥ ಜಾಲದ ಮರೆಯಲ್ಲಿ ಮಾದಕ ವಸ್ತುಗಳ ವ್ಯಾಪಾರ ನಡೆಯುತ್ತದೆ ಎಂಬುದು ಸುಳ್ಳಲ್ಲ. ಬೆಂಗಳೂರಿನ ಪೊಲೀಸರೇ ಅಂಥ ಪ್ರಕರಣಗಳನ್ನು ಬಯಲಿಗೆಳೆದಿದ್ದಾರೆ. ಆದರೆ 2014ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ತಾನೇ ಟಾರ್ ಜಾಲದೊಳಗೆ ಒಂದು ವಿಳಾಸ ತೆರೆಯಿತು. 2016ರ ಏಪ್ರಿಲಿನಲ್ಲಿ, ತಿಂಗಳೊಂದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಟಾರ್ ಮೂಲಕ ತನ್ನಲ್ಲಿಗೆ ಬರುತ್ತಿದ್ದಾರೆಂದು ಅದು ಪ್ರಕಟಿಸಿತು. ಇವರೆಲ್ಲ ಅಪರಾಧಿಗಳೆಂದು ಹೇಳಲಾದೀತೆ?

ಈ ದಾರಿಯ ಅಗತ್ಯ ಯಾರಿಗೆ ಬೀಳುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಚೀನಾದಲ್ಲಿ ಫೇಸ್‌ಬುಕ್, ಟ್ವಿಟರ್, ಯೂಟ್ಯೂಬ್‌ಗಳಿಗೆ 2009ರಿಂದ ಬಾಗಿಲು ಮುಚ್ಚಿದೆ. ಆಚೆ ಉಳಿದ ಬಂಧುಗಳೊಂದಿಗೆ ಮಾತಾಡಲು ಅನೇಕ ಟಿಬೆಟಿಯನ್ನರಿಗೆ ಉಳಿದದ್ದು ಚೀನಾದ ವೀಚಾಟ್. ಅದರ ಮೇಲೆ ಅಲ್ಲಿನ ಸರಕಾರದ ಕಣ್ಣಿದೆ ಎಂದು ತಿಳಿದೂ ಅವರು ಅದನ್ನೇ ನೆಚ್ಚಿದ್ದರು. 2020ರ ಜೂನ್ 29ರಂದು ಭಾರತ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ವೀಚಾಟ್ ಕೂಡ ಹೋಯಿತು. ಆಚೆಯಿಂದ ಒಂದು ಗೋಡೆ, ಈಚೆಯಿಂದ ಇನ್ನೊಂದು. ಈಚೆ ಇರುವ ಮಗ ಹೇಗೋ ಒಂದು ದಾರಿ ಹುಡುಕಿಯಾನು. ಆಚೆ ಇರುವ ತಾಯಿ ಏನು ಮಾಡಬೇಕು? ಚೀನಾ ಟಾರ್ ಜಾಲವನ್ನೇ ತಡೆಯುತ್ತದೆ. ಅಲ್ಲಿಂದ ಅದನ್ನು ಬಳಸಬೇಕಾದರೆ ‘ಬ್ರಿಡ್ಜ್’ ಎಂಬ, ಬಹಿರಂಗ ಪಟ್ಟಿಯಲ್ಲಿಲ್ಲದ ಕಂಪ್ಯೂಟರುಗಳನ್ನು ಹಿಡಿಯಬೇಕು. ವಯಸ್ಸಾದ ತಾಯಿಯೊಬ್ಬಳಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಕಾಶ್ಮೀರದ ಅನುಭವವೂ ನಮ್ಮ ಮುಂದಿದೆ. 2019ರ ಆಗಸ್ಟಿನಲ್ಲಿ ಅಲ್ಲಿ ಅಂತರ್ಜಾಲವನ್ನು ಕಡಿಯಲಾಯಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಮಂದಗತಿಯ 2ಜಿ ಸಂಪರ್ಕ ಬಂದಾಗ ತೆರೆದುಕೊಂಡದ್ದು ಸರಕಾರ ಪಟ್ಟಿ ಮಾಡಿದ 301 ತಾಣಗಳು ಮಾತ್ರ. ಸಾಮಾಜಿಕ ಜಾಲತಾಣಗಳು ಆ ಪಟ್ಟಿಯಲ್ಲಿರಲಿಲ್ಲ. ಜನ ವಿಪಿಎನ್ ಹಿಡಿದು ಒಳಹೊಕ್ಕರು. ಅದರ ದುರುಪಯೋಗದ ಹೆಸರಿನಲ್ಲಿ ಫೆಬ್ರವರಿಯಲ್ಲಿ ಶ್ರೀನಗರದ ಪೊಲೀಸರು ಹೂಡಿದ ಮೊಕದ್ದಮೆಯಲ್ಲಿ ಭಯೋತ್ಪಾದನೆಯ ವಿರುದ್ಧ ಬಳಸುವ ಯುಎಪಿಎ ಕೂಡ ಇತ್ತು. ಮಾರ್ಚ್ 4ರಂದು ಜಾಲತಾಣಗಳ ಮೇಲಿನ ತಡೆ ತೆರವಾಯಿತು. ಹಿಂದಿನ ತಿಂಗಳು ಅಪರಾಧದ ವಾಸನೆ ಬಡಿದಿದ್ದ ಓದು ಮುಂದಿನ ತಿಂಗಳು ಸಾಧಾರಣ ಓದಾಯಿತು!

ಟಾರ್ ಮತ್ತು ವಿಪಿಎನ್ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ವಿಪಿಎನ್ ಎಂದರೆ ಒಂದು ಕಂಪೆನಿಯನ್ನು ನಂಬಿ ನಡೆಯುವುದು. ಬಳಕೆದಾರರ ಹೆಸರು, ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಆದೇಶಿಸಿದಾಗ, ಕೆಲವು ದೊಡ್ಡ ಕಂಪೆನಿಗಳು ತಮ್ಮ ಸರ್ವರುಗಳನ್ನೇ ಭಾರತದಿಂದ ಎತ್ತಿಕೊಂಡು ಹೋದವು. ಟಾರ್‌ನಲ್ಲಿ ಹಾಗೆ ನಂಬಬೇಕಾದ ಒಬ್ಬ ಯಜಮಾನನಿಲ್ಲ. ಆದರೆ ಅದೂ ಮಾಯಾಜಾಲವಲ್ಲ. ವೇಗ ಕಡಿಮೆ. ಸ್ವಂತ ಹೆಸರಿನ ಖಾತೆಗೆ ಪ್ರವೇಶಿಸಿದ ಮರುಕ್ಷಣ ನಾವು ಯಾರೆಂದು ಆ ತಾಣಕ್ಕೆ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ದಾರಿ ಓದುವವನನ್ನು ಬರಹದ ಬಳಿಗೆ ಒಯ್ಯುತ್ತದೆ. ಬರೆದವನನ್ನು ಅವನ ಊರಿನ ಜನರ ಬಳಿಗೆ ಮರಳಿ ಕರೆತರುವುದಿಲ್ಲ. ಹತ್ತು ಮಂದಿ ಹತ್ತು ಕೋಣೆಗಳಲ್ಲಿ ಕದ ಹಾಕಿಕೊಂಡು ಒಂದೇ ಬರಹವನ್ನು ಓದಿದರೆ ಅದು ಚರ್ಚೆಯಾಗುವುದಿಲ್ಲ. ಓದಿದ್ದೇನೆಂದು ಹೇಳಲು ಹೆದರುವವನು ಅದರಲ್ಲಿ ತಪ್ಪಿದೆ ಎಂದು ಹೇಳಲೂ ಹೆದರುತ್ತಾನೆ. ಹೀಗೆ ಸುಳ್ಳೂ ತಿದ್ದುಪಡಿಯಿಲ್ಲದೆ ಕತ್ತಲಲ್ಲಿ ಬೆಳೆಯುತ್ತದೆ.

ಆದ್ದರಿಂದ ನಮ್ಮ ಪ್ರಶ್ನೆ ಬಾಗಿಲು ಮುಚ್ಚಿದವರಿಗೆ. ಈ ಪ್ರಶ್ನೆ ನಮ್ಮ ರಾಜ್ಯದ ಹೈಕೋರ್ಟಿನಲ್ಲಿಯೇ ಎದ್ದಿತ್ತು. 2021ರ ಫೆಬ್ರವರಿಯಿಂದ ಒಂದು ವರ್ಷದಲ್ಲಿ 1,474 ಖಾತೆಗಳನ್ನೂ 175 ಟ್ವೀಟ್‌ಗಳನ್ನೂ ತಡೆಯಲು ಆದೇಶ ಬಂದಿತ್ತೆಂದು ಟ್ವಿಟರ್ ಹೇಳಿತು. ಅವುಗಳಲ್ಲಿ 39 ವಿಳಾಸಗಳ ತಡೆಯನ್ನು ಅದು 2022ರಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಖಾತೆದಾರರಿಗೂ ನೋಟಿಸ್ ಕೊಡಬೇಕೆಂಬ ವಾದ ಗೆಲ್ಲಲಿಲ್ಲ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ‘ಸಹಯೋಗ’ ಪೋರ್ಟಲಿನ ವಿರುದ್ಧದ ಅದೇ ಕಂಪೆನಿಯ ಅರ್ಜಿಯನ್ನೂ ತಿರಸ್ಕರಿಸಿದರು. ವಾಕ್ ಸ್ವಾತಂತ್ರ್ಯ ನೀಡುವ ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಸೇರಿದ್ದು, ವಿದೇಶೀ ಕಂಪೆನಿಗಲ್ಲ ಎಂಬ ಮಾತು ಎರಡೂ ತೀರ್ಪುಗಳಲ್ಲಿದೆ.

ಮಾತು ಸರಿಯೇ. ಕೋಟಿಗಟ್ಟಲೆ ಲಾಭ ಎಣಿಸುವ ಕಂಪೆನಿಯನ್ನು ನಮ್ಮ ಸ್ವಾತಂತ್ರ್ಯದ ವಕೀಲನೆಂದು ನಾವೂ ನಂಬುವುದಿಲ್ಲ. ಆದರೆ ಇದರ ಫಲವೇನಾಯಿತು? ತಡೆಯ ಆದೇಶ ಕೈಯಲ್ಲಿರುವ ಕಂಪೆನಿಗೆ ಹಕ್ಕಿಲ್ಲ. ಹಕ್ಕಿರುವ ನಾಗರಿಕನ ಕೈಗೆ ಆದೇಶ ಸಿಗುವುದಿಲ್ಲ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 69ಎ ಕಲಮನ್ನು ಎತ್ತಿಹಿಡಿದದ್ದು, ಕಾರಣಗಳನ್ನು ಬರೆದಿಡಬೇಕು, ಅವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆ ಇದೆಯೆಂದು. ಕಾಣದ ಕಾರಣವನ್ನು ಪ್ರಶ್ನಿಸುವುದು ಹೇಗೆ?

ನಮ್ಮ ಓದುಗರಲ್ಲಿ ಕೆಲವರು ಇಲ್ಲಿ ತಡೆದು ಕೇಳಿಯಾರು: ಪ್ರವಾದಿಯವರನ್ನು(ಸ), ಸಮುದಾಯವನ್ನು ನಿಂದಿಸುವ ಬರಹಗಳನ್ನು ಕೂಡಲೇ ತಡೆಯಬೇಡವೆ? ಪ್ರಶ್ನೆ ನ್ಯಾಯವಾದುದೇ. 2025ರ ಫೆಬ್ರವರಿ 10ರ ರಾತ್ರಿ ಮೈಸೂರಿನ ಉದಯಗಿರಿ ಠಾಣೆಯ ಮುಂದೆ ಇಂಥದೊಂದು ಬರಹದಿಂದಲೇ ಜನ ಸೇರಿದರು, ಕಲ್ಲು ತೂರಾಟವಾಯಿತು, ಪೊಲೀಸರು ಗಾಯಗೊಂಡರು. ಅಲ್ಲಿ ಬರೆದವನು ಅಜ್ಞಾತನಾಗಿರಲಿಲ್ಲ, ಪೊಲೀಸರ ವಶದಲ್ಲಿದ್ದ. ಇಲ್ಲದೆ ಹೋದದ್ದು ಕಾನೂನು ತನ್ನ ಕೆಲಸ ಮಾಡುತ್ತದೆಂಬ ನಂಬಿಕೆ. ಗುಟ್ಟಿನ ಆದೇಶದಿಂದ ಆ ನಂಬಿಕೆ ಹುಟ್ಟುವುದಿಲ್ಲ. ಇಂಥ ಬರಹವನ್ನು ಇಂಥ ಕಾರಣಕ್ಕೆ ತೆಗೆದಿದ್ದೇವೆ ಎಂದು ಬಹಿರಂಗವಾಗಿ ಹೇಳಿದರೆ ನೊಂದವರಿಗೂ ಸಮಾಧಾನ, ಉಳಿದವರಿಗೂ ಪಾಠ. ಅಲ್ಲದೆ ನಮ್ಮ ಮಾನ ಕಾಯಲೆಂದು ಕೊಟ್ಟ ಗುಟ್ಟಿನ ಅಧಿಕಾರ ನಾಳೆ ನಮ್ಮ ಬಾಯಿ ಮುಚ್ಚಲೂ ಸಾಕಾಗುತ್ತದೆ.

ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎರಡು ಹೊಣೆಗಳನ್ನು ಒಟ್ಟಿಗೆ ಹೊರಿಸುತ್ತದೆ. ಆರನೆಯ ವಚನ, ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಲು ಹೇಳುತ್ತದೆ. ಹನ್ನೆರಡನೆಯದು ಪರರ ಗುಟ್ಟು ಕೆದಕುವುದನ್ನು ನಿಷೇಧಿಸುತ್ತದೆ. ಖಲೀಫ ಉಮರ್(ರ) ಒಂದು ಮನೆಯ ಗೋಡೆ ಹತ್ತಿ ತಪ್ಪು ಹಿಡಿಯಲು ಹೋದಾಗ ಆ ಮನೆಯವನು, ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದನಂತೆ: ಗೂಢಚರ್ಯೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಮ್ ಹೇಳಲಿಲ್ಲ. ಉಮರ್(ರ) ತಪ್ಪೊಪ್ಪಿಕೊಂಡು ಮರಳಿದರೆಂದು ಪ್ರತೀತಿ. ಪ್ರಜೆ ಬಾಗಿಲಿನಿಂದ ನಡೆಯಬೇಕಾದರೆ ಆಳುವವನೂ ಬಾಗಿಲಿನಿಂದಲೇ ಬರಬೇಕು.

ಟಾರ್ ಇರಲಿ. ಜೀವಭಯವಿರುವ ಪತ್ರಕರ್ತನಿಗೆ, ನೊಂದ ಹೆಣ್ಣುಮಗಳಿಗೆ, ಗಡಿಯಾಚೆ ಬಂಧುಗಳಿರುವವರಿಗೆ ಅದು ಬೇಕು. ಆದರೆ ಹಿತ್ತಿಲ ದಾರಿ ಇದೆಯೆಂದು ಮುಂಬಾಗಿಲನ್ನು ಮರೆಯುವುದು ಬೇಡ. ತಡೆಯ ಆದೇಶ ಪ್ರಕಟವಾಗಲಿ, ಬರೆದವನಿಗೆ ತಿಳಿಸಲಿ, ಅವನ ಉತ್ತರ ಕೇಳಲಿ. ದೇಶದ ಭದ್ರತೆಯ ನೆಪದಲ್ಲಿ ಗುಟ್ಟಾಗಿಡಲೇಬೇಕಾದುದು ಇದ್ದರೆ ಅದನ್ನು ನ್ಯಾಯಾಧೀಶರಾದರೂ ನೋಡಿ ಹೇಳಲಿ. ಪುಸ್ತಕಕ್ಕೆ ಸಲ್ಲುವ ನ್ಯಾಯವನ್ನೇ ನಾವು ಕೇಳುತ್ತಿರುವುದು. ಅದು ಹೆಚ್ಚಾಯಿತೆ?