ಪೋಸ್ಟ್‌ಮ್ಯಾನ್ಸ್ ಪಾರ್ಕ್‌ನ ಮರೆ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ನೆಲ್ಸನ್, ವೆಲಿಂಗ್ಟನ್‌ರಂಥ ದಂಡನಾಯಕರು ಮಲಗಿದ್ದಾರೆ. ಅಲ್ಲಿಂದ ಕೂಗಳತೆಯಲ್ಲಿ ಪೋಸ್ಟ್‌ಮ್ಯಾನ್ಸ್ ಪಾರ್ಕ್ ಇದೆ. ಇದು 1880ರಲ್ಲಿ ಹಳೆಯ ಚರ್ಚ್ ಸ್ಮಶಾನದ ನೆಲದಲ್ಲಿ ತೆರೆದ ಉದ್ಯಾನ. ಪಕ್ಕದ ದೊಡ್ಡ ಅಂಚೆ ಕಚೇರಿಯ ನೌಕರರು ಊಟದ ಬಿಡುವಿನಲ್ಲಿ ಇಲ್ಲಿಗೆ ಬರುತ್ತಿದ್ದುದರಿಂದ ಈ ಹೆಸರು. ಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸ್ 1900ರಲ್ಲಿ, ಬೇರೆಯವರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಸಾಮಾನ್ಯರಿಗಾಗಿ ಇಲ್ಲೊಂದು ಸ್ಮಾರಕ ಕಟ್ಟಿಸಿದ. ನಮ್ಮ ಜಗಲಿಯಂಥ ಇಳಿಜಾರು ಮಾಡು, ಗೋಡೆಗೆ ಮೆರುಗಿನ ಹಂಚುಬಿಲ್ಲೆಗಳು. ಒಂದರಲ್ಲಿ ಆಲಿಸ್ ಏಯರ್ಸ್: ಗಾರೆ ಕೆಲಸದ ಕೂಲಿಯವನ ಮಗಳು, 1885ರಲ್ಲಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ತಾನು ಸತ್ತವಳು. ತಂದೆಯ ಕೆಲಸವನ್ನೂ ಬರೆದಿದ್ದಾರೆ ನೋಡಿ. ದಂಡನಾಯಕರ ಸ್ಮಾರಕಗಳಲ್ಲಿ ಇದನ್ನು ಕಾಣೆವು.

ಇಂಥದ್ದನ್ನು ದೊಡ್ಡ ಚೌಕದಲ್ಲಿ ನಿಲ್ಲಿಸಬೇಕಿತ್ತು, ಮೂಲೆಗೆ ತಳ್ಳಿದ್ದು ಅನ್ಯಾಯ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಬಿಲ್ಲೆಯ ಸಣ್ಣ ಅಕ್ಷರಗಳನ್ನು ಓದಲು ಹತ್ತಿರ ಹೋಗಿ ನಿಲ್ಲಲೇಬೇಕು. ಚೌಕದ ಗದ್ದಲದಲ್ಲಿ ಯಾರು ನಿಂತಾರು? ಬರಹದಲ್ಲಿ ವಿಕ್ಟೋರಿಯಾ ಕಾಲದ ಕಣ್ಣೀರು ತುಸು ಹೆಚ್ಚೇ ಎಂಬುದು ಇನ್ನೊಂದು ಆಕ್ಷೇಪ. ಅದು ನಿಜ. ಪ್ರಾಣ ಕೊಟ್ಟವರಿಗಷ್ಟೇ ಇಲ್ಲಿ ಜಾಗ, ಉಳಿಸಿ ಬದುಕಿದವರಿಗಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಕೊರತೆ. ಆದರೂ ಬುತ್ತಿ ಬಿಚ್ಚಿ ಕುಳಿತ ಗುಮಾಸ್ತನ ಎದುರಿಗೆ ಅವನಂಥವರದೇ ಹೆಸರುಗಳನ್ನು ಇಟ್ಟ ವಾಟ್ಸನ ಆಯ್ಕೆ ಸರಿಯಾದದ್ದೇ.